ದೂರ ಕೂತ ದಿನಗಳು

ಮಾತು ಬಾಯಿಂದ ಜಾರಿಬಿದ್ದ ಮೇಲೆಯೇ ತಾನು ಹೇಳಿದ್ದೇನೆಂದು ಭೀಮಾಬಾಯಿಗೆ ತಿಳಿದದ್ದು. ಬಚ್ಚಲಿನ ಬಾಗಿಲಲ್ಲಿ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಳು. ಒಳಗೆ ಬಕೆಟ್ಟು ತುಂಬಿ ಹೊರಚೆಲ್ಲುತ್ತಿತ್ತು. ದೇವರ ಕೋಣೆಯಿಂದ ಅತ್ತೆ ಕಮಲಾಬಾಯಿ ದಿನದಂತೆ, ದಿನದ ಅದೇ ರಾಗದಲ್ಲಿ, "ಸ್ನಾನ ಆಯ್ತೇನೇ? ಸೀಕ್ರಂ ಬಾ, ನೈವೇದ್ಯಕ್ಕೆ ಹೊತ್ತಾಗತ್ತೆ" ಎಂದಿದ್ದರು. ದಿನದಂತೆ "ಬಂದೆ ಅತ್ತೆ" ಎನ್ನಬೇಕಿತ್ತು. ಆ ಎರಡು ಶಬ್ದಗಳು ನಾಲಗೆಯ ತುದಿಗೆ ಬಂದೂ ಬಂದಿದ್ದವು. ಆದರೆ ಅವುಗಳ ಜಾಗದಲ್ಲಿ ಬೇರೆಯವೇ ಹೊರಟವು.

"ನಾನು ದೂರ ಆಗಿದೀನಿ ಅತ್ತೆ."

ದೇವರ ಕೋಣೆಯಲ್ಲಿ ಗಂಧ ತೇಯುತ್ತಿದ್ದ ಸದ್ದು ನಿಂತಿತು. ಆ ಮನೆಯಲ್ಲಿ ತಿಂಗಳ ಮುಟ್ಟಿಗೆ ಬೇರೆ ಹೆಸರಿರಲಿಲ್ಲ. ದೂರ, ಅಷ್ಟೆ. ಮದುವೆಯಾಗಿ ಈ ತಮಿಳು ಊರಿಗೆ, ಪುರಸೈವಾಕ್ಕಂನ ಈ ಓಣಿಗೆ ಬಂದ ಮೊದಲ ತಿಂಗಳಲ್ಲೇ ಆ ಮಾತನ್ನು ಕಲಿತಿದ್ದಳು. ದೂರ ಆದವಳು ಅಡಿಗೆ ಮನೆ ದಾಟಿ, ಬಟ್ಟೆ ಒಗೆಯುವ ಬಾಲ್ಕನಿಯ ಪಕ್ಕದ ಸಣ್ಣ ಕೋಣೆಯಲ್ಲಿ ಮೂರು ದಿನ ಕೂರಬೇಕು. ಚಾಪೆ, ತಟ್ಟೆ, ಲೋಟ ಎಲ್ಲ ಬೇರೆ. ಯಾರನ್ನೂ ಮುಟ್ಟುವ ಹಾಗಿಲ್ಲ, ಯಾವುದನ್ನೂ ಮುಟ್ಟುವ ಹಾಗಿಲ್ಲ. ಆದರೆ ಅದೆಲ್ಲ ನಿಂತುಹೋಗಿ ವರ್ಷದ ಮೇಲಾಗಿತ್ತು. ನಿಂತಿತೆಂದು ಖಾತ್ರಿಯಾದ ದಿನ ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟು, "ಇನ್ ನಿಂಗೆ ಅಡ್ಡಿ ಇಲ್ಲ ಕಣೇ. ಇನ್ಮೇಲೆ ವರ್ಷಪೂರ್ತಿ ದೇವರ ಅಡಿಗೆ ನಿಂದೇ" ಎಂದು ಹರಸಿದ್ದರು. ಬಹುಕಾಲದ ಸೇವೆಗೆ ಬಡ್ತಿ ಕೊಟ್ಟ ಹಾಗಿತ್ತು ಆ ದನಿ. ಭೀಮಾಬಾಯಿ ಬಗ್ಗಿ ನಮಸ್ಕಾರ ಮಾಡಿದ್ದಳು. ಮಾಡಿ ಎದ್ದಾಗ, ಎದುರಿಗಿದ್ದ ಗೋಡೆ ಹಾಗೇ ಉದ್ದಕ್ಕೆ ಬೆಳೆಯುತ್ತ ಹೋದಂತೆ, ಅದರಲ್ಲಿ ಎಲ್ಲೂ ಒಂದು ಕಿಟಕಿಯೂ ಇಲ್ಲದಂತೆ ಕಂಡು ಉಸಿರು ಕಟ್ಟಿತ್ತು. ಮಂಡಿನೋವಿರಬೇಕು ಎಂದುಕೊಂಡಿದ್ದಳು.

"ಈಗೇನೇ?" ಅತ್ತೆ ಬಾಗಿಲಿಗೆ ಬಂದು ನಿಂತರು. "ನಿಂತುಹೋಗಿತ್ತಲ್ಲ?"

"ಗೊತ್ತಿಲ್ಲ ಅತ್ತೆ. ಬಂತು."

ಅತ್ತೆ ಅವಳ ಮುಖವನ್ನೇ ನೋಡಿದರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವರ ನೋಟಕ್ಕೊಂದು ಹೊಸ ಹೊಳಪು ಬಂದಿತ್ತು. ಆ ಹೊಳಪನ್ನು ಎದುರಿಸಲಾಗದೆ ಭೀಮಾಬಾಯಿ ನಲ್ಲಿ ನಿಲ್ಲಿಸುವ ನೆಪದಲ್ಲಿ ಒಳಗೆ ತಿರುಗಿದಳು. ಇನ್ನೂ ಹೊತ್ತು ಮೀರಿಲ್ಲ, ಇಲ್ಲ ಅತ್ತೆ, ಸುಮ್ಮನೆ ಏನೋ ಅನ್ನಿಸಿತು ಎಂದುಬಿಡಬಹುದು, ನಕ್ಕುಬಿಡಬಹುದು ಎಂದು ಯೋಚಿಸುತ್ತಿರುವಾಗಲೇ ಅತ್ತೆ, "ಸರಿ, ಹೋಗಿ ಕೂತ್ಕೋ" ಎಂದು ತಾವೇ ಅಡಿಗೆ ಮನೆಯ ಕಡೆ ಸೀರೆ ಎತ್ತಿ ಕಟ್ಟಿಕೊಂಡು ಹೊರಟರು. ಅವರ ಬಲಗೈ ನಡುಗುತ್ತದೆ. ಸೌಟು ಹಿಡಿದರೆ ಸೌಟೂ ನಡುಗುತ್ತದೆ.

ಕೋಣೆ ಈಗ ಸಾಮಾನು ತುಂಬುವ ಜಾಗವಾಗಿತ್ತು. ಹಳೆಯ ಗ್ರೈಂಡರು, ನವರಾತ್ರಿಯ ಗೊಂಬೆಗಳ ಪೆಟ್ಟಿಗೆ, ಮಗಳು ಅಕ್ಷಯಾ ಕೊಂಡು ಎರಡು ವಾರ ಬಳಸಿ ಬಿಟ್ಟ ವ್ಯಾಯಾಮದ ಚಾಪೆ. ಭೀಮಾಬಾಯಿ ಪೆಟ್ಟಿಗೆ ಸರಿಸಿ, ಆ ಚಾಪೆಯನ್ನೇ ಬಿಡಿಸಿ ಕೂತಳು. ಕೂತ ಕೂಡಲೇ ಬೆನ್ನು ಗೋಡೆಯನ್ನು ಗುರುತು ಹಿಡಿಯಿತು. ಇಲ್ಲಿಯೇ, ಇದೇ ಎತ್ತರದಲ್ಲಿ, ಬಣ್ಣ ಸವೆದ ಕಡೆ ತಲೆ ಆನಿಸಿದರೆ ಕಿಟಕಿಯಲ್ಲಿ ಆ ಕಡೆಯ ಜವಳಿ ಅಂಗಡಿಯ ಹಿಂಬದಿಯ ಮೆಟ್ಟಿಲು ಕಾಣುತ್ತದೆ. ಅಂಗಡಿಯ ಮುಂದುಗಡೆ ಆಡಿ ಎಂಬ ಆಷಾಢದ ರಿಯಾಯಿತಿಯ ಗದ್ದಲ, ಮೈಕಿನಲ್ಲಿ ಕೂಗು. ಹಿಂದುಗಡೆ ಮಾತ್ರ ಮಾರಾಟದ ಹುಡುಗಿಯರು ಒಂದೇ ಬಣ್ಣದ ಸೀರೆ ಉಟ್ಟು ಮೆಟ್ಟಿಲ ಮೇಲೆ ಸಾಲಾಗಿ ಕೂತು ಊಟದ ಡಬ್ಬಿ ಬಿಚ್ಚುತ್ತಾರೆ. ನಿಂತು ನಿಂತು ಊದಿದ ಕಾಲನ್ನು ಒಬ್ಬರು ಇನ್ನೊಬ್ಬರ ಮಡಿಲಲ್ಲಿ ಚಾಚುತ್ತಾರೆ. ವರ್ಷಗಟ್ಟಲೆ ತಿಂಗಳಿಗೆ ಮೂರು ದಿನ ಭೀಮಾಬಾಯಿ ಅವರನ್ನು ನೋಡಿದ್ದಳು. ಸೀರೆಯ ಬಣ್ಣ ಬದಲಾಗುತ್ತಿತ್ತು, ಹುಡುಗಿಯರು ಬದಲಾಗುತ್ತಿದ್ದರು, ಮೆಟ್ಟಿಲ ಮೇಲಿನ ನಗು ಮಾತ್ರ ಅದೇ ಇರುತ್ತಿತ್ತು. ಅವರ ಪಕ್ಕದಲ್ಲಿ, ಕೊನೆಯ ಮೆಟ್ಟಿಲಲ್ಲಿ, ತಾನೂ ಕಾಲು ಚಾಚಿ ಕೂತಂತೆ ಎಷ್ಟು ಸಲ ಕಲ್ಪಿಸಿಕೊಂಡಿಲ್ಲ. ಹೊರಗೆ ಬಂದ ಮೇಲೆ ಅದು ನೆನಪಿಗೂ ಬರುತ್ತಿರಲಿಲ್ಲ. ನಾಲ್ಕನೆಯ ದಿನ ತಲೆಗೆ ಎರೆದುಕೊಂಡು ಒದ್ದೆ ಕೂದಲಿಗೆ ಗಂಟು ಹಾಕಿದರೆ ಮತ್ತೆ ಫಿಲ್ಟರಿಗೆ ಕಾಫಿಪುಡಿ, ಹಾಲು, ಮಡಿನೀರು, ನೈವೇದ್ಯ, ಗಂಡ ವಿಷ್ಣುತೀರ್ಥನ ಟಿಫಿನ್ನು, ಮಗಳ ಡಬ್ಬಿ, ಅತ್ತೆಯ ಔಷಧಿ, ಹಪ್ಪಳದ ಬಿಸಿಲು, ಸಂಜೆಯ ದೀಪ. ವರ್ಷ ಕೂಡ ಹಾಗೇ ತಿರುಗುವುದು. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಒಂದು ತಿಂಗಳು ಬೇಳೆಯಿಲ್ಲ. ಇಲ್ಲದ್ದನ್ನು ಬಿಟ್ಟು ಉಳಿದದ್ದರಲ್ಲಿ ದಿನಾ ಹೊಸದಾಗಿ ಏನು ಮಾಡಲಿ ಎಂದು ಯೋಚಿಸುವವಳು ಮಾತ್ರ ಯಾವ ತಿಂಗಳೂ ಇಲ್ಲವಾಗುವ ಹಾಗಿಲ್ಲ.

ಆ ಕೋಣೆಯಲ್ಲಿ ಅವಮಾನ ಇರಲಿಲ್ಲವೇ? ಇತ್ತು. ನೀರು ಬೇಕೆಂದು ಕೂಗಿ ಕೂಗಿ ಯಾರಿಗೂ ಕೇಳಿಸದೆ ಬಾಲ್ಕನಿಯ ನಲ್ಲಿಗೆ ಬಾಯಿಯಿಟ್ಟು ಕುಡಿದದ್ದಿತ್ತು. ತಮ್ಮ ಸತ್ಯಾತ್ಮನ ಮದುವೆಯಲ್ಲಿ, ಛತ್ರದ ಹಿಂದೆ ಕೈ ತೊಳೆಯುವ ತೊಟ್ಟಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದ್ದರು. ಉಂಡು ಬಂದವರೆಲ್ಲ ಬಾಯಿ ಮುಕ್ಕಳಿಸುತ್ತ, "ಅಯ್ಯೋ ಪಾವಂ, ಇವತ್ತೇ ಆಗ್ಬೇಕಿತ್ತೇ" ಎಂದು ಕನಿಕರಪಟ್ಟಿದ್ದರು. ಒಳಗೆ ಮಂಗಳವಾದ್ಯ ಜೋರಾದಾಗ ತಾಳಿ ಕಟ್ಟಿದನೆಂದು ಅಂದಾಜು ಮಾಡಿಕೊಂಡಿದ್ದಳು. ಕೈಯಲ್ಲಿ ಅಕ್ಷತೆಯೂ ಇರಲಿಲ್ಲ. ಇದೆಲ್ಲ ನೆನಪಿದ್ದೂ, ಕಳೆದ ವರ್ಷವಿಡೀ ಅವಳು ಹಂಬಲಿಸಿದ್ದು ಈ ಕೋಣೆಗಾಗಿಯೇ. ಯಾರ ಹತ್ತಿರ ಹೇಳುವುದು ಇದನ್ನು? ಸೊಂಟ ಹಿಡಿದಾಗ, ಕುಕ್ಕರು ಕೂಗುವಾಗ, ಹೊಟ್ಟೆಯ ಕೆಳಗಿನ ಆ ಹಳೆಯ ಎಳೆತ ಬಂತೇನೋ ಎಂದು ನಿಂತು ಕಾಯುತ್ತಿದ್ದಳು. ಒಂದು ಕಾಲದಲ್ಲಿ ಬರಬಾರದೆಂದು ಹರಕೆ ಹೊತ್ತುಕೊಂಡಿದ್ದವಳು.

ಅಕ್ಷಯಾ ಅಂಬೆಗಾಲಿಡುತ್ತಿದ್ದಾಗ ಈ ಬಾಗಿಲಿನ ಆಚೆ ಕೂತು ಅಳುತ್ತಿತ್ತು. ಮೂಗು ಸುರಿಸಿಕೊಂಡು, ಎರಡೂ ಕೈ ಚಾಚಿ, "ಅಮ್ಮಾ ಎತ್ಕೋ" ಎನ್ನುತ್ತಿತ್ತು. ಅತ್ತೆ ಬಂದು ಎಳೆದುಕೊಂಡು ಹೋದರೆ ಮತ್ತೆ ಬರುತ್ತಿತ್ತು. ಮುಟ್ಟುವ ಹಾಗಿಲ್ಲವಲ್ಲ ಕಂದಾ ಎಂದು ಭೀಮಾಬಾಯಿ ಒಳಗಿನಿಂದ ಹೇಳುತ್ತಿದ್ದಳು, ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದಳು. ಆದರೆ ನೀರಿನ ಅಡಿಯಲ್ಲಿ ಏನೋ ಒಂದು ತಣ್ಣಗೆ, ಹಾಯಾಗಿ, ಕಾಲು ಚಾಚಿಕೊಂಡು ಕೂತಿತ್ತು. ಮಗು ಅಳುತ್ತಿದೆ, ನಾನು ಏಳಬೇಕಾಗಿಲ್ಲ. ಯಾರೂ ನನ್ನನ್ನು ಏಳು ಎನ್ನುವ ಹಾಗಿಲ್ಲ. ಆ ಹಾಯಿಯನ್ನು ಅವಳು ಇಷ್ಟು ವರ್ಷ ತನಗೇ ತೋರಿಸಿಕೊಂಡಿರಲಿಲ್ಲ. ಅಕ್ಷಯಾ ದೊಡ್ಡವಳಾದ ಮೇಲೆ, "ನಾನು ಅಲ್ಲಿ ಕೂರಲ್ಲ, ನಾಟ್ ಹ್ಯಾಪನಿಂಗ್" ಎಂದು ತನ್ನ ಮಂಚದ ಮೇಲೇ ಮಲಗಿದಾಗ ಭೀಮಾಬಾಯಿ ಮೊದಲ ಸಲ ಅತ್ತೆಯ ಎದುರು ನಿಂತು ಮಗಳ ಪರ ಮಾತಾಡಿದ್ದಳು. ಗೆದ್ದೂ ಇದ್ದಳು. "ಹಾಗಾದ್ರೆ ನೀ ಏನ್ಕಮ್ಮಾ ಇನ್ನೂ ಹೋಗ್ತಿ?" ಎಂದು ಮಗಳು ಕೇಳಿದಾಗ, "ಅಜ್ಜಿಗೋಸ್ಕರ" ಎಂದಿದ್ದಳು. ಮಗಳ ಕಣ್ಣಲ್ಲಿ ಆಗ ಕಂಡ ಮರುಕವನ್ನು ಸುಮ್ಮನೆ ಪಡೆದುಕೊಂಡಿದ್ದಳು.

ಆ ಮಗಳೇ ಈಗ ಬಾಗಿಲು ದಡಾರನೆ ತೆರೆದು ನಿಂತಳು. ಪೋರೂರಿನ ಆಫೀಸಿಗೆ ಹೊರಟ ಉಡುಪು, ಒಂದು ಕಿವಿಗೆ ಮಾತ್ರ ಓಲೆ. "ಅಮ್ಮಾ, ಅಜ್ಜಿ ಎನ್ನಮೋ ಸೊಲ್ರಾ, ಏನೇನೋ ಹೇಳ್ತಾಳೆ. ಬ್ಲೀಡಿಂಗಾ? ಒಂದ್ ವರ್ಷ ಆದ್ಮೇಲಾ?"

"ಸ್ವಲ್ಪ. ನೀ ಹೋಗು, ನಿಂಗೆ ಲೇಟಾಗತ್ತೆ."

"ಲೇಟಾ? ಇದು ಎಷ್ಟು ಸೀರಿಯಸ್ ಗೊತ್ತಾ ನಿಂಗೆ? ನಿಂತ್ಮೇಲೆ ಬಂದ್ರೆ..." ಅವಳು ಮುಂದಿನ ಶಬ್ದವನ್ನು ಹೇಳದೆ ನುಂಗಿದಳು. ಫೋನಿನ ಮೇಲೆ ಹೆಬ್ಬೆರಳು ಓಡುತ್ತಿತ್ತು. ಓದುತ್ತ ಓದುತ್ತ ಅವಳ ಮುಖದ ಬಣ್ಣ ಇಳಿಯಿತು. ಆ ಶಬ್ದ ಯಾವುದೆಂದು ಭೀಮಾಬಾಯಿಗೆ ಹೊಳೆಯಿತು. ಇದನ್ನು ಅವಳು ಯೋಚಿಸಿರಲಿಲ್ಲ. ಯಾವುದನ್ನು ತಾನೇ ಯೋಚಿಸಿದ್ದಳು. ವಿಷ್ಣುತೀರ್ಥ ಮಗಳ ಹಿಂದೆ ಬಂದು ನಿಂತ. ಅರ್ಧ ಕ್ಷೌರ ಮಾಡಿಕೊಂಡ ಮುಖ, ಒಂದು ಕೆನ್ನೆಯ ಮೇಲೆ ನೊರೆ. "ಏನು, ತುಂಬಾನಾ?" ಎಂದು ನೆಲ ನೋಡುತ್ತ ಕೇಳಿದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಈ ವಿಷಯ ಬಾಯಲ್ಲಿ ಆಡಿದ್ದು ಇದೇ ಮೊದಲು. ಈಗ ಹೇಳಬೇಕು, ಈಗಲೇ, ಎಂದು ಅವಳು ಬಾಯಿ ತೆರೆದಳು. ಆದರೆ ಅವನ ನೊರೆಯ ಕೆನ್ನೆ ಸಣ್ಣಗೆ ಅದುರುತ್ತಿತ್ತು. ಮಗಳು ಆಗಲೇ ಫೋನಿನಲ್ಲಿ ಯಾರಿಗೋ, "ಇವತ್ತೇ ಬೇಕು, ಪ್ಲೀಸ್, ಎಂಗಮ್ಮಾಕ್ಕು" ಎಂದು ಅಂಗಲಾಚುತ್ತಿದ್ದಳು. ಎಂಗಮ್ಮ, ನಮ್ಮಮ್ಮ. ಆ ಶಬ್ದ ಕೇಳಿ ಭೀಮಾಬಾಯಿ ಬಾಯಿ ಮುಚ್ಚಿದಳು.

ಮಧ್ಯಾಹ್ನ ಆಸ್ಪತ್ರೆಗೆ ಹೋಗುವ ಟ್ಯಾಕ್ಸಿಯಲ್ಲಿ ಅಕ್ಷಯಾ ಅವಳ ಕೈ ಹಿಡಿದುಕೊಂಡಳು. ಕೋಡಂಬಾಕ್ಕಂ ಸೇತುವೆ ಹತ್ತುವಾಗ ಹಿಡಿದ ಕೈಯನ್ನು, ಆರ್ಕಾಟ್ ರಸ್ತೆಯ ಮೆಟ್ರೋ ಕೆಲಸದ ತಗಡುಗಳ ನಡುವೆ ಕಾರು ಸಿಕ್ಕಿಕೊಂಡು ನಿಂತಾಗಲೂ ಬಿಡಲಿಲ್ಲ. ಏ.ಸಿ.ಯ ತಂಪಿನಲ್ಲೂ ಮಗಳ ಅಂಗೈ ಬೆವರಿತ್ತು. ಕೊನೆಯ ಸಲ ಅವಳು ತನ್ನನ್ನು ಹೀಗೆ ಮುಟ್ಟಿದ್ದು ಯಾವಾಗ? ಶಾಲೆಯ ರಸ್ತೆ ದಾಟಿಸುವಾಗ ಇರಬೇಕು. ಈಗೆಲ್ಲ ಬೆಳಗ್ಗೆ ಡಬ್ಬಿ ತೆಗೆದುಕೊಳ್ಳುವಾಗ ಬೆರಳ ತುದಿ ತಾಗಿದರೆ ತಾಗಿತು. ದೂರ ಎಂದು ಸುಳ್ಳು ಹೇಳಿದ ದಿನವೇ ಇಷ್ಟು ಹತ್ತಿರ ಬಂದು ಕೂತಿದ್ದಾಳೆ. ಹೇಳಿಬಿಟ್ಟರೆ ಈ ಕೈ ಹೋಗುತ್ತದೆ. ಮುಂದಿನ ಸಿಗ್ನಲ್ಲಿನಲ್ಲಿ ಹೇಳುತ್ತೇನೆ ಎಂದುಕೊಂಡಳು. ಸಿಗ್ನಲ್ಲು ಹಸಿರಾಯಿತು. ಅದರ ಮುಂದಿನದರಲ್ಲಿ ಎಂದುಕೊಂಡಳು. ಪೋರೂರಿನ ಕೆರೆ ಬಿಸಿಲಿಗೆ ತಗಡಿನಂತೆ ಹೊಳೆದು ಹಿಂದೆ ಸರಿಯಿತು. "ಭಯ ಪಡಬೇಡ ಮಾ, ನಾ ಇದೀನಿ" ಎಂದಳು ಮಗಳು. ಮನೆಯ ಕನ್ನಡದಲ್ಲಿ, ಮಗುವಾಗಿದ್ದಾಗ ಆಡುತ್ತಿದ್ದ ಹಾಗೆ. ಭೀಮಾಬಾಯಿ ಕಿಟಕಿಯ ಕಡೆ ತಿರುಗಿ ತುಟಿ ಕಚ್ಚಿಕೊಂಡಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಗಳನ್ನು ಹೊರಗೆ ಕಳಿಸಿ, ಪರದೆ ಎಳೆದು, ಎಷ್ಟು ಹೊತ್ತಿನಿಂದ ಬರುತ್ತಿದೆಯಮ್ಮಾ ಎಂದು ತಮಿಳಿನಲ್ಲಿ ಕೇಳಿದಳು. ಬರಲಿಲ್ಲ ಡಾಕ್ಟರ್ ಎಂದಳು ಭೀಮಾಬಾಯಿ, ತಮಿಳಿನಲ್ಲೇ. ಬೇರೆ ಭಾಷೆಯಲ್ಲಿ ಅದು ಇಷ್ಟು ಸಲೀಸಾಗಿ ಹೊರಬಂದದ್ದಕ್ಕೆ ಅವಳಿಗೇ ಆಶ್ಚರ್ಯ.

"ಬರಲಿಲ್ಲ ಅಂದರೆ?"

"ಬಂತು ಅಂತ ಮನೇಲಿ ಹೇಳಿದೆ. ಸುಳ್ಳು ಹೇಳಿದೆ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದಳು. ಕುರ್ಚಿ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ, "ಮನೇಲಿ ಯಾರಾದ್ರೂ ಹೊಡೀತಾರಾ?" ಎಂದಳು.

"ಛೇ, ಇಲ್ಲ! ಎಲ್ಲಾ ಒಳ್ಳೆಯವರು."

"ಕುಡೀತಾರಾ? ಬೈತಾರಾ?"

"ಇಲ್ಲ."

"ಮತ್ತೆ ಏನಮ್ಮಾ ತೊಂದರೆ?"

ಭೀಮಾಬಾಯಿ ಯೋಚಿಸಿದಳು. ಇದಕ್ಕೊಂದು ಹೆಸರಿದ್ದಿದ್ದರೆ ಎಷ್ಟು ಸುಲಭವಿತ್ತು. ಗಂಡ ಹೊಡೆಯುತ್ತಾನೆ ಎಂದು ಒಂದು ಕ್ಷಣ, ಬರೀ ಮರ್ಯಾದೆ ಉಳಿಸಿಕೊಳ್ಳಲು, ಹೇಳಿಬಿಡಬೇಕೆನ್ನಿಸಿತು. ಆ ಅನ್ನಿಸಿಕೆಗೆ ನಾಚಿ ಕಿವಿ ಬಿಸಿಯಾಯಿತು. ಕೊನೆಗೆ, "ದಿನಾ ಬೆಳಗಾಗತ್ತೆ ಡಾಕ್ಟರ್" ಎಂದಳು.

ಡಾಕ್ಟರು ನಗಲಿಲ್ಲ. ಬಂದದ್ದು ಬಂದಿರಿ, ನೋಡಿಬಿಡುತ್ತೇನೆ ಎಂದು ಪರೀಕ್ಷೆ ಮಾಡಿದಳು. ತಣ್ಣನೆಯ ಲೋಹ, ಬಿಳಿಯ ಸೂರು, ಅದರಲ್ಲೊಂದು ಮಚ್ಚೆಯಂಥ ಕಲೆ. ಎಲ್ಲ ಸರಿಯಾಗಿದೆ, ಆರೋಗ್ಯವಾಗಿದ್ದೀರಿ ಎಂದಳು ಕೈ ತೊಳೆಯುತ್ತ. ಆರೋಗ್ಯವಾಗಿದ್ದೀರಿ ಎಂಬ ಮಾತು ಕೇಳಿ ಭೀಮಾಬಾಯಿಗೆ ಆದದ್ದು ನಿರಾಸೆ. ಆ ನಿರಾಸೆಯನ್ನು ಕಂಡು ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

ಹೊರಗೆ ಅಕ್ಷಯಾ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅತ್ತು ಕಣ್ಣ ಕಾಡಿಗೆ ಕದಡಿತ್ತು. ಪರೀಕ್ಷೆ ಎಲ್ಲ ಸರಿ ಬಂತಂತೆ ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಆ ಕದಡಿದ ಕಣ್ಣನ್ನು ನೋಡಿ ಆಗಲಿಲ್ಲ. ಪಕ್ಕದಲ್ಲಿ ಕೂತು, ಮೆಲ್ಲಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಕ್ಷಯಾ ಮೊದಲು ಅರ್ಥವಾಗದವಳಂತೆ ನೋಡಿದಳು. ಆಮೇಲೆ ಎದ್ದು ನಿಂತಳು.

"ನೀ ಸತ್ತೋಗ್ತೀಯ ಅಂದ್ಕೊಂಡೆ ನಾನು! ಬೆಳಗ್ಗೆಯಿಂದ ಅದೇ ನೆನಚ್ಕೊಂಡು... ಎನ್ನಮ್ಮಾ ನೀ!" ಸುತ್ತ ಕೂತವರು ತಿರುಗಿ ನೋಡಿದರು. "ಆ ರೂಮ್‌ಗೆ ಹೋಗ್ಬೇಕು ಅಂತ? ಆ ರೂಮ್‌ಗಾ? ಅದು ಬೇಡಾಂತ ನಾ ಎಷ್ಟು ಫೈಟ್ ಮಾಡ್ದೆ, ನಿನ್ನೂ ಸೇರ್ಸಿ!"

"ನಂಗೆ ಸುಮ್ನೆ ಕೂರ್ಬೇಕಿತ್ತು, ಅಕ್ಷೂ."

"ಹಾಗಂತ ಕೇಳ್ಬಹುದಿತ್ತಲ್ಲ! ರೆಸ್ಟ್ ಬೇಕು, ಲೀವ್ ಬೇಕು ಅಂತ ಬಾಯ್ಬಿಟ್ಟು ಕೇಳ್ಬಹುದಿತ್ತಲ್ಲ!"

"ಯಾರ ಹತ್ರ ಕೇಳ್ಲಿ?"

ಮಾತು ವಾದಕ್ಕೆಂದು ಬಂದದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಅಕ್ಷಯಾ ಫೋನು ತೆಗೆದು ಟ್ಯಾಕ್ಸಿ ಕರೆದಳು. ಹಿಂದಿರುಗುವಾಗ ಟ್ಯಾಕ್ಸಿಯಲ್ಲಿ ಇಬ್ಬರೂ ಒಂದೊಂದು ಕಿಟಕಿಗೆ ಮುಖ ಮಾಡಿಕೊಂಡು ಕೂತರು. ನಡುವೆ ಖಾಲಿ ಜಾಗ.

ಮನೆಯಲ್ಲಿ ಅಕ್ಷಯಾ ಅಪ್ಪನಿಗೆ, "ಎಲ್ಲಾ ನಾರ್ಮಲ್ ಪ್ಪಾ" ಎಂದಷ್ಟೇ ಹೇಳಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ವಿಷ್ಣುತೀರ್ಥ, "ಹಾಂ, ಹಾಂ, ಒಳ್ಳೇದಾಯ್ತು" ಎಂದು ಎರಡು ಸಲ ಅಂದು, ಕನ್ನಡಕ ಒರೆಸಿಕೊಂಡ. ಭೀಮಾಬಾಯಿ ಎಲ್ಲಿ ಹೋಗಬೇಕೆಂದು ತಿಳಿಯದೆ ಹಿಂದಿನ ಕೋಣೆಗೇ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ನಡುಗುವ ಕೈಯಲ್ಲಿ ತಟ್ಟೆ. ಅನ್ನ, ಮೆಣಸಿನ ಸಾರು, ಹೆಸರುಬೇಳೆಯ ತೊವ್ವೆ. ಹೊಸ್ತಿಲಾಚೆ ನೆಲದ ಮೇಲಿಟ್ಟು ಬೆರಳಿನಿಂದ ಒಳಗೆ ತಳ್ಳಿದರು. ಮೊದಲು ತಳ್ಳುತ್ತಿದ್ದ ಹಾಗೆಯೇ.

"ಅತ್ತೆ, ನಾನು..."

"ನಂಗೆ ಕೈ ನಡುಗತ್ತೆ ಅಷ್ಟೆ. ಕಣ್ಣು ನಲ್ಲಾ ಇದೆ, ಚೆನ್ನಾಗೇ ಕಾಣತ್ತೆ" ಎಂದರು ಅತ್ತೆ. ಗೋಡೆ ಹಿಡಿದು ನಿಂತು ಉಸಿರು ತೆಗೆದುಕೊಂಡರು. "ಮೂರು ದಿನ ಅಂದ್ಮೇಲೆ ಮೂರು ದಿನ. ಮಧ್ಯದಲ್ಲಿ ಎದ್ದು ಬರೋ ಹಾಗಿಲ್ಲ. ಕೂತ್ಕೋ. ದೇವರಿಗೆ ನಾ ಹೇಳ್ಕೋತೀನಿ." ತಿರುಗಿ ಹೊರಟವರು ಅಲ್ಲೇ ನಿಂತು, ಬೆನ್ನು ತೋರಿಸಿಕೊಂಡೇ, "ಆದ್ರೆ ಇದೊಂದ್ಸಲ" ಎಂದರು.

ಸಾರಿಗೆ ಉಪ್ಪು ಹೆಚ್ಚಾಗಿತ್ತು. ಭೀಮಾಬಾಯಿ ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಂಡಳು. ಉಂಡು, ಬೇರೆ ಇಟ್ಟು, ಕಾಲು ಚಾಚಿ, ಬೆನ್ನನ್ನು ಗೋಡೆಗೆ ಕೊಟ್ಟಳು. ಬೇಕಾದದ್ದು ಸಿಕ್ಕಿತ್ತು. ಆ ದಿನವೂ ಕಳೆಯಿತು, ಮಾರನೆಯ ಬೆಳಗೂ ಆಯಿತು. ಅಡಿಗೆ ಮನೆಯಲ್ಲಿ ಏನೋ ಬಿದ್ದ ಸದ್ದು, ಅತ್ತೆ ತಮ್ಮಷ್ಟಕ್ಕೆ ಗೊಣಗಿದ್ದು, ವಿಷ್ಣುತೀರ್ಥ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸಿ ಜೀರಿಗೆ ಹುಡುಕಿದ್ದು, ಎಲ್ಲ ಕೇಳುತ್ತಿತ್ತು. ಮೊದಲೂ ಕೇಳುತ್ತಿದ್ದವು. ಆಗ ಅವು ಆಚೆ ದಡದ ಸದ್ದುಗಳಾಗಿದ್ದವು. ಈಗ ಒಂದೊಂದೂ ಒಳಗೆ ಬಂದು ಎದುರಿಗೆ ಕೂತು ಅವಳ ಮುಖ ನೋಡುತ್ತಿತ್ತು. ಆಗ ಬಿಡುವು ತಾನಾಗಿ ಬರುತ್ತಿತ್ತು. ಅದನ್ನು ಕೊಟ್ಟವರು ಯಾರೂ ಇರಲಿಲ್ಲ, ಹಾಗಾಗಿ ಋಣವೂ ಇರಲಿಲ್ಲ. ಅವಳ ಮೈಯೇ, ಅವಳನ್ನೂ ಕೇಳದೆ, ತಿಂಗಳಿಗೊಮ್ಮೆ ಬಾಗಿಲು ತೆರೆದು ಬಾ ಎನ್ನುತ್ತಿತ್ತು. ಆ ಮೈ ಎಲ್ಲಿ ಹೋಯಿತು? ಹೋಗುವಾಗ ಒಂದು ಮಾತೂ ಹೇಳಲಿಲ್ಲ. ಕೊನೆಯ ಸಲ ಬಂದದ್ದು ಕೊನೆಯದೆಂದು ಗೊತ್ತಿದ್ದಿದ್ದರೆ ಅವಳು ಆ ಮೂರು ದಿನ ಬೇರೆ ರೀತಿಯಲ್ಲಿ ಕೂತಿರುತ್ತಿದ್ದಳೇನೋ. ಆಗ ಏನು ಮಾಡಿದ್ದಳು? ಎಂದಿನಂತೆ ಮೆಟ್ಟಿಲ ಮೇಲಿನ ಹುಡುಗಿಯರನ್ನು ನೋಡುತ್ತ ಕೂತಿರಲಿಕ್ಕೂ ಸಾಕು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅಲ್ಲಿ ಈಗ ಯಾವ ಎಳೆತವೂ ಇಲ್ಲ. ಅವಳು ಅತ್ತದ್ದು ಆಗಲೇ. ಸದ್ದಿಲ್ಲದೆ, ಬಹಳ ಹೊತ್ತು, ಯಾರೋ ತೀರಿಕೊಂಡವರಿಗೆ ಅಳುವ ಹಾಗೆ. ಅತ್ತು ಮುಗಿದಾಗ ಈ ಕೋಣೆ ಬರೀ ಸಾಮಾನಿನ ಕೋಣೆಯಾಗಿತ್ತು. ಗ್ರೈಂಡರು, ಪೆಟ್ಟಿಗೆ, ಧೂಳು.

ಅವಳು ಎದ್ದಳು. ಮುಖ ತೊಳೆದುಕೊಂಡಳು. ಸ್ನಾನ ಮಾಡಲಿಲ್ಲ, ಮಡಿ ಉಡಲಿಲ್ಲ. ಅಡಿಗೆ ಮನೆಯ ಮುಂದೆ ಹಾದು ನೇರವಾಗಿ ನಡುಮನೆಗೆ ಹೋಗಿ, ವಿಷ್ಣುತೀರ್ಥ ಪೇಪರು ಓದುವ ಬೆತ್ತದ ಕುರ್ಚಿಯಲ್ಲಿ ಕೂತಳು. ಹೊತ್ತು ನೈವೇದ್ಯದ ಹೊತ್ತು. ಆ ಹೊತ್ತಿನಲ್ಲಿ ಈ ನಡುಮನೆ ಹೇಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಬಿಸಿಲು ಕಿಟಕಿಯಿಂದ ಬಂದು ಕುರ್ಚಿಯ ಕಾಲಿನವರೆಗೂ ಚಾಚಿಕೊಂಡಿತ್ತು. ಅಕ್ಷಯಾ ಚೀಲ ಹೆಗಲಿಗೆ ಹಾಕಿಕೊಂಡು ತನ್ನ ಕೋಣೆಯಿಂದ ಹೊರಬಂದವಳು, ಅಮ್ಮನನ್ನು ಅಲ್ಲಿ ಕಂಡು ನಡಿಗೆ ತಡೆದಳು. ಚಪ್ಪಲಿ ಹಾಕಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿದ್ದಳು.

ಅತ್ತೆ ತಿಂಡಿಯ ತಟ್ಟೆ ಹಿಡಿದು ಹಿಂದಿನ ಕೋಣೆಯವರೆಗೂ ಹೋಗಿ, ಅಲ್ಲಿ ಯಾರನ್ನೂ ಕಾಣದೆ, ತಟ್ಟೆಯ ಸಮೇತ ನಡುಮನೆಗೆ ಬಂದರು.

"ಇಲ್ಲೇನೇ ಮಾಡ್ತಿದೀ?"

"ಕೂತಿದೀನಿ ಅತ್ತೆ."

"ದೂರ ಅಲ್ವೇನೇ ನೀನು?"

"ಇಲ್ಲ ಅತ್ತೆ. ದೂರ ಇಲ್ಲ."

"ಹಾಗಾದ್ರೆ ಏಳು. ಮಡಿ ಉಟ್ಕೊಂಡು ಬಾ, ಅನ್ನ ಬಸೀಬೇಕು."

ಭೀಮಾಬಾಯಿಯ ಮಂಡಿಗಳು ತಾವಾಗಿಯೇ ಏಳಲು ಹೊರಟವು. ಅವಳು ಎರಡೂ ಕೈಯಿಂದ ಕುರ್ಚಿಯ ತೋಳನ್ನು ಹಿಡಿದುಕೊಂಡಳು.

"ಇಲ್ಲ ಅತ್ತೆ. ಇವತ್ತು ಕೂತಿದೀನಿ."

ಬಾಗಿಲ ಹತ್ತಿರ ಚಪ್ಪಲಿಯ ಸದ್ದು ನಿಂತಿತು. ಕಮಲಾಬಾಯಿ ಸೊಸೆಯನ್ನು ನೋಡಿದರು, ಕೈಯಲ್ಲಿದ್ದ ತಟ್ಟೆಯನ್ನು ನೋಡಿದರು, ನೆಲವನ್ನು ನೋಡಿದರು. ಬಗ್ಗಲು ಹೋಗಿ ನೆಟ್ಟಗಾದರು. ಒಂದು ಹೆಜ್ಜೆ ಮುಂದೆ ಬಂದು ಮತ್ತೆ ನಿಂತರು. ಎಷ್ಟು ದೂರದಲ್ಲಿ ಇಡಬೇಕೆಂದು ತಿಳಿಯದೆ, ನಡುಗುವ ಕೈಯಲ್ಲಿ ತಟ್ಟೆ ಸಣ್ಣಗೆ ಸದ್ದು ಮಾಡುತ್ತಿರಲು, ಅವರು ಹಾಗೇ ಹಿಡಿದುಕೊಂಡು ನಿಂತರು. ಭೀಮಾಬಾಯಿ ಕೂತಲ್ಲಿಂದಲೇ ಎರಡೂ ಕೈ ಚಾಚಿದಳು.